ವೈಟ್‌ಫೀಲ್ಡ್ ಅನ್ನೋ ಚಿಪ್ ಎಲ್ಲಿ ಹೋಯ್ತು?

ಹೈದರಾಬಾದ್‌ನಲ್ಲಿ ಕೂತಿರೋ ನಮಗೆ ವೈಟ್‌ಫೀಲ್ಡ್ ಅಂದ ತಕ್ಷಣ ನೆನಪಾಗೋದು ಟ್ರಾಫಿಕ್. ಆದ್ರೆ ಅದು ಇಂಟೆಲ್‌ನ ಒಂದು ಸರ್ವರ್ ಚಿಪ್‌ನ ಹೆಸರೂ ಹೌದು. ನಾಲ್ಕು ಕೋರ್‌ನ ಜಿಯಾನ್, ಬೆಂಗಳೂರು ತಂಡದ ಕೆಲಸ. 2005ರಲ್ಲಿ ಕೈಬಿಟ್ಟರು.

ಆ ಕಾಲದ ಪೈಪೋಟಿ ನೋಡಿ. 64 ಬಿಟ್‌ಗೆ ಇಂಟೆಲ್ ಇಟಾನಿಯಂ ನಂಬಿಕೊಂಡಿತ್ತು, ಹಳೆಯ ಸಾಫ್ಟ್‌ವೇರ್ ಅದರ ಮೇಲೆ ತೆವಳುತ್ತಿತ್ತು. 2003ರಲ್ಲಿ ಎಎಂಡಿ ಆಪ್ಟೆರಾನ್ ತಂತು. ಹಳೆಯ ಪ್ರೋಗ್ರಾಮೂ ಓಡುತ್ತೆ, 64 ಬಿಟ್ಟೂ ಓಡುತ್ತೆ, ಮೆಮೊರಿ ಕಂಟ್ರೋಲರ್ ಚಿಪ್‌ನೊಳಗೇ ಇದೆ. ಎದುರಾಳಿ ಹೀಗೆ ಮುಂದೆ ಓಡ್ತಿರುವಾಗ ಕಂಪನಿಗೆ ಕಾಯೋ ತಾಳ್ಮೆ ಇರಲ್ಲ. ವೈಟ್‌ಫೀಲ್ಡ್ ಜಾಗಕ್ಕೆ 2007ರಲ್ಲಿ ಟೈಗರ್‌ಟನ್ ಬಂತು. ಆದರೆ 2008ರ ಸೆಪ್ಟೆಂಬರ್‌ನಲ್ಲಿ ಹೊರಬಂದ ಆರು ಕೋರ್‌ನ ಡನ್ನಿಂಗ್‌ಟನ್, 190 ಕೋಟಿ ಟ್ರಾನ್ಸಿಸ್ಟರ್‌ನ ಚಿಪ್, ಬೆಂಗಳೂರಿನಲ್ಲೇ ವಿನ್ಯಾಸವಾದದ್ದು.

ಮುಂದೆ ಎಎಂಡಿ ಸರ್ವರ್‌ನಲ್ಲಿ ಸೊರಗಿತು, ಇಂಟೆಲ್ ಹೇಳಿದ್ದೇ ಬೆಲೆ. 2017ರಲ್ಲಿ ಎಪಿಕ್ ಬಂದ ಮೇಲೆ ಆಟ ತಿರುಗಿತು. ಇದನ್ನ ಅಕ್ಕಿರೊಟ್ಟಿ ಲೆಕ್ಕದಲ್ಲಿ ಹೇಳ್ತೀನಿ. ಹೆಂಚಿನಷ್ಟು ಅಗಲದ ಒಂದೇ ರೊಟ್ಟಿ ತಟ್ಟಿದ್ರೆ, ಒಂದು ಕಡೆ ಹರಿದರೂ ಇಡೀ ರೊಟ್ಟಿ ಕೆಟ್ಟಂತೆ. ಚಿಕ್ಕ ಚಿಕ್ಕದು ತಟ್ಟಿದ್ರೆ ಹೋಗೋದು ಒಂದೇ. ಇಂಟೆಲ್ 28 ಕೋರ್‌ಗಳನ್ನ ಒಂದೇ ದೊಡ್ಡ ಸಿಲಿಕಾನ್ ತುಂಡಿನಲ್ಲಿ ಮಾಡ್ತಿತ್ತು. ಎಎಂಡಿ ಎಂಟೆಂಟು ಕೋರ್‌ನ ನಾಲ್ಕು ತುಂಡು ಜೋಡಿಸಿ 32 ಮಾಡಿತು, 2019ರಲ್ಲಿ 64ಕ್ಕೆ ಹೋಯ್ತು. ತುಂಡಿಂದ ತುಂಡಿಗೆ ಡೇಟಾ ಹೋಗೋಕೆ ಸ್ವಲ್ಪ ತಡ ಆಗುತ್ತೆ, ಅದು ಇದರ ಬಾಕಿ. ಹಾಗಾಗಿ ಕೋರ್ ಎಣಿಸಿ ಮೆಷಿನ್ ತಗೋಬೇಡಿ, ನಿಮ್ಮ ಡೇಟಾಬೇಸ್ ಓಡಿಸಿ ನೋಡಿ. ಲೈಸೆನ್ಸ್ ಕೋರ್ ಲೆಕ್ಕದಲ್ಲಿದ್ದರಂತೂ ಉಳಿಸಿದ ಹಾರ್ಡ್‌ವೇರ್ ದುಡ್ಡು ಅಲ್ಲಿಗೇ ಹೋಗಬಹುದು.

2022ರ ನವೆಂಬರ್‌ನಿಂದ ಅಮೆಜಾನ್ ಕ್ಲೌಡ್‌ಗೆ ಹೈದರಾಬಾದ್‌ನಲ್ಲೂ ರೀಜನ್ ಇದೆ. ಅವರ ಎಂ6 ಸಾಲಿನ ಮೆಷಿನ್ ಹೆಸರಿನ ಕೊನೆಯಲ್ಲಿ ಐ ಇದ್ರೆ ಇಂಟೆಲ್, ಎ ಇದ್ರೆ ಎಎಂಡಿ, ಜಿ ಇದ್ರೆ ಅಮೆಜಾನ್‌ನದೇ ಗ್ರಾವಿಟಾನ್. ಆ ಒಂದಕ್ಷರಕ್ಕೇ ಈಗಿನ ಜಗಳ.

ಚಿಪ್ ಕೆಲಸದಲ್ಲಿರೋ ಹುಡುಗ್ರಿಗೆ ಒಂದು ಮಾತು. ಇಂಟೆಲ್, ಎಎಂಡಿ, ಕ್ವಾಲ್‌ಕಾಮ್ ಮೂರೂ ಈ ಊರಲ್ಲಿವೆ. ಕ್ವಾಲ್‌ಕಾಮ್‌ನ ಸೆಂಟ್ರಿಕ್ ಸರ್ವರ್ ಚಿಪ್ 2017ರಲ್ಲಿ ಬಂದು ಮರುವರ್ಷವೇ ಬದಿಗೆ ಸರೀತು. ಇಂಟರ್‌ವ್ಯೂನಲ್ಲಿ "ನಿಮ್ಮ ಚಿಪ್ ಮಾರುಕಟ್ಟೆಗೆ ಬಂತಾ?" ಅಂತ ಕೇಳ್ತಾರೆ. ಬರದಿದ್ರೂ ಅಂಜಬೇಡಿ. ಯಾವ ಬ್ಲಾಕ್, ಯಾವ ಬಗ್ ಹಿಡಿದ್ರಿ, ಹೇಗೆ ಹಿಡಿದ್ರಿ, ಅದನ್ನ ಹೇಳಿ.