ಮಹಿಳೆಯರ ಉಳಿತಾಯ ಸಂಘಗಳೂ ನಮ್ಮ ಕರ್ತವ್ಯವೂ

(ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಬಡವರ ಮನೆಯ ಹೆಂಗಸರು ದುಡಿಯುವುದಿಲ್ಲವೆಂದು ಯಾರೂ ಹೇಳಲಾರರು. ಅಡಕೆ ಸುಲಿದು, ಬೀಡಿ ಕಟ್ಟಿ, ಹಟ್ಟಿಯ ಕೆಲಸ ಮುಗಿಸಿ ಅವರು ಮಲಗುವ ಹೊತ್ತಿಗೆ ಊರೆಲ್ಲ ನಿದ್ರಿಸುತ್ತಿರುತ್ತದೆ. ಆದರೂ ಬಡತನವು ಆ ಹೊಸ್ತಿಲನ್ನು ಬಿಟ್ಟು ಕದಲುವುದಿಲ್ಲ. ದುಡಿಮೆ ಅವರದು, ಮೂಲಧನ ಮತ್ತೊಬ್ಬರದು ಎಂಬುದೇ ಇದರ ಕಾರಣ. ಎಲೆಯೂ ಹೊಗೆಸೊಪ್ಪೂ ಗುತ್ತಿಗೆದಾರನದಾದರೆ, ಬೀಡಿ ಕಟ್ಟುವವಳಿಗೆ ಸಾವಿರಕ್ಕೆ ಇಷ್ಟೆಂಬ ಕೂಲಿಯೊಂದೇ ಉಳಿಯುವುದು.

ಈ ಕೊರತೆಯನ್ನು ನೀಗಲು 1998ರಲ್ಲಿ ಕೇರಳದಲ್ಲಿ ಆರಂಭವಾದ ಕುಟುಂಬಶ್ರೀಯು ಸರಳವಾದ ದಾರಿಯನ್ನು ಹಿಡಿಯಿತು. ನೆರೆಕರೆಯ 10ರಿಂದ 20 ಮಂದಿ ಹೆಂಗಸರು ಕೂಟವಾಗುವುದು, ವಾರಕ್ಕೊಮ್ಮೆ ಸೇರುವುದು, ಕೈಲಾದಷ್ಟು ಹಣವನ್ನು ಒಪ್ಪಿಸಿ ಲೆಕ್ಕ ಬರೆಯುವುದು. ಗಡಿಯಾಚೆ, 1982ರಲ್ಲಿ ಮೊದಲಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೂ ಸ್ವಸಹಾಯ ಸಂಘಗಳನ್ನು ಬೆಳೆಸಿತು. 1992ರಲ್ಲಿ ನಬಾರ್ಡ್ ಇಂತಹ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗವನ್ನು ಕೈಗೊಂಡಿತು. ಅಡವಿಡಲು ಆಸ್ತಿಯಿಲ್ಲದವರಿಗೆ ಪರಸ್ಪರ ನಂಬಿಕೆಯೇ ಜಾಮೀನಾಯಿತು.

ವಿದ್ಯಾರ್ಥಿಗಳೇ, ನೀವು ಒಂದು ಲೆಕ್ಕವನ್ನು ಮಾಡಿರಿ. 15 ಮಂದಿ ವಾರಕ್ಕೆ 20 ರೂಪಾಯಿಯಂತೆ ಉಳಿಸಿದರೆ ವಾರಕ್ಕೆ 300. 52 ವಾರಗಳಿಗೆ 15,600 ರೂಪಾಯಿ. ಅದರಿಂದ ಒಬ್ಬಳು 5,000 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ ಒಂದರಂತೆ ಸಾಲ ಪಡೆದರೆ ಮೊದಲ ತಿಂಗಳ ಬಡ್ಡಿ 50 ರೂಪಾಯಿ. ನೂರಕ್ಕೆ ಐದು ಕೇಳುವ ಸಾಹುಕಾರನಿಗಾದರೆ 250. ಸಾಹುಕಾರನಿಗೆ ಕೊಟ್ಟ ಬಡ್ಡಿ ಹೋಯಿತೆಂದೇ ಅರ್ಥ. ಸಂಘಕ್ಕೆ ಕೊಟ್ಟುದು ಹದಿನೈದು ಮನೆಗಳ ಪೆಟ್ಟಿಗೆಯಲ್ಲಿಯೇ ಉಳಿಯುವುದು.

ಇಷ್ಟು ಚಿಕ್ಕ ಮೊತ್ತದಿಂದ ಏನಾದೀತೆಂದು ಕೇಳಬಹುದು. ನಮ್ಮ ಹಲಸಿನ ಹಪ್ಪಳವನ್ನೇ ನೋಡೋಣ. ಅದನ್ನು ಒಣಗಿಸುವುದು ಬೇಸಗೆಯ ಬಿಸಿಲಿನಲ್ಲಿ; ಜನರು ಅದನ್ನು ಬಯಸುವುದು ಜಡಿಮಳೆಯ ದಿನಗಳಲ್ಲಿ. ಕೈಯಲ್ಲಿ ಕಾಸಿಲ್ಲದವಳು ಒಣಗಿದ ಕೂಡಲೇ ಸಿಕ್ಕಿದ ಬೆಲೆಗೆ ಮಾರಬೇಕು. ಸಂಘದ ಸಾಲವಿದ್ದವಳು ಎರಡು ತಿಂಗಳು ಕಾಯಬಲ್ಲಳು. ಹಣವು ಆಕೆಗೆ ಕಾಯುವ ಶಕ್ತಿಯನ್ನು ಕೊಟ್ಟಿತು.

ಆದರೆ ಸಾಲವು ಎಂದಿಗೂ ಸಂಪಾದನೆಯಲ್ಲ. ಒಂದು ಸಂಘದ ಕಂತನ್ನು ಕಟ್ಟಲು ಮತ್ತೊಂದರಲ್ಲಿ ಸಾಲ ಮಾಡಿದರೆ ಕುಣಿಕೆ ಬಿಗಿಯಾಗುವುದೇ ಹೊರತು ಸಡಿಲವಾಗದು. ಪುಸ್ತಕದಲ್ಲಿ ಹೆಸರು ಹೆಂಡತಿಯದು, ಹಣವನ್ನು ವೆಚ್ಚ ಮಾಡಿದವನು ಗಂಡ ಎಂಬಂತಾದರೆ ಆಕೆಗೆ ದಕ್ಕಿದುದು ಹೊಣೆಯೊಂದೇ. ಇಲ್ಲಿ ನೆರೆದಿರುವ ತಂದೆಯಂದಿರು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ವಿನಯದಿಂದ ಬೇಡುತ್ತೇವೆ.

ಇನ್ನೊಂದು ಸಂಗತಿ ಕನ್ನಡ ಶಾಲೆಯವರಾದ ನಮಗೆ ಸೇರಿದುದು. ತಾನು ಓದಲಾರದ ಭಾಷೆಯ ಕಾಗದಕ್ಕೆ ರುಜು ಹಾಕುವ ತಾಯಿ ತನ್ನ ಹಣಕ್ಕೆ ತಾನೇ ಒಡತಿಯಾಗಲಾರಳು. ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಿ ಕನ್ನಡದಲ್ಲಿಯೇ ಉತ್ತರ ಪಡೆಯಲು 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಅವಕಾಶವಿತ್ತಿದೆ. ಆ ಹಕ್ಕನ್ನು ಕೇಳಿ ಪಡೆಯಬೇಕು, ಮಲೆಯಾಳವನ್ನೂ ಕಲಿಯಬೇಕು. ಎರಡನ್ನೂ ಬಲ್ಲ ಮಕ್ಕಳು ಮನೆಗೆ ಬೆಳಕಾಗುವರು.

ಆದುದರಿಂದ ಪ್ರಿಯ ಮಕ್ಕಳೇ, ಈ ವಾರ ನಿಮ್ಮ ಅಮ್ಮನ ಉಳಿತಾಯದ ಪುಸ್ತಕವನ್ನು ಕೇಳಿ ತೆಗೆದುಕೊಳ್ಳಿರಿ. ಕಟ್ಟಿದುದೆಷ್ಟು, ಪಡೆದುದೆಷ್ಟು, ಬಾಕಿಯೆಷ್ಟು ಎಂಬುದನ್ನು ಅವರ ಬಳಿ ಕುಳಿತು ಓದಿ ಹೇಳಿರಿ. ಓದಲು ಬಾರದವರಿಗೆ ಅಂಕಿಗಳನ್ನು ಕಲಿಸಿರಿ. ನೀವು ಕಲಿತ ಗಣಿತಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.