ಆಸ್ಪತ್ರೆ ಸೀರಿಯಲ್ಲೂ, ನಮ್ಮಮ್ಮನ ರುಜುವೂ

(ಚಿಕ್ಕಬಾಣಾವರದಲ್ಲಿ ರಾಜ್ಯೋತ್ಸವದ ಸಂಜೆ ಪ್ರೆಸ್ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮಿಷನ್ ಮುಂದೆ ನಿಂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ನರ್ಸಿಂಗ್ ಹೋಂಗಳ ಚೀಟಿ, ಫಾರಂ ಅಚ್ಚು ಹಾಕುವುದು ನನ್ನ ಕಸುಬು. ರಾತ್ರಿ ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಅಮ್ಮನ ಪಕ್ಕ ಕೂತು ಸೀರಿಯಲ್ ನೋಡುವುದು ನನ್ನ ಚಟ. ನಗಬೇಡಿ. ನಿಮ್ಮ ಮನೆಯಲ್ಲೂ ಟಿವಿ ಇದೆ.

ಯಾವ ಸೀರಿಯಲ್ಲೇ ಇರಲಿ, ಆರು ತಿಂಗಳಿಗೊಮ್ಮೆ ಯಾರಾದರೂ ಆಸ್ಪತ್ರೆ ಸೇರಲೇಬೇಕು. ಆಪರೇಷನ್ ಥಿಯೇಟರ್ ಮೇಲೆ ಕೆಂಪು ದೀಪ. ಹೊರಗೆ ಹದಿನೈದು ಜನ ನೆಂಟರು, ಒಬ್ಬೊಬ್ಬರ ಮುಖವನ್ನೂ ಮೂರು ಮೂರು ಸಲ ತೋರಿಸುತ್ತಾರೆ. ಮೂಗಿಗೆ ಆಕ್ಸಿಜನ್ ಹಾಕಿಕೊಂಡ ನಾಯಕಿಯ ಲಿಪ್‌ಸ್ಟಿಕ್ ಅಳಿಸಿರುವುದಿಲ್ಲ. ಡಾಕ್ಟರ್ ಆಚೆ ಬಂದು ಕನ್ನಡಕ ತೆಗೆದು, ಇಪ್ಪತ್ನಾಲ್ಕು ಗಂಟೆ ಕಳೆಯದೆ ಏನೂ ಹೇಳೋಕಾಗಲ್ಲ ಅನ್ನುತ್ತಾರೆ. 2025ರ ಜುಲೈನಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಕರ್ಣ’ದಲ್ಲಿ ನಾಯಕನೇ ಡಾಕ್ಟರ್. ಕಿರಣ್ ರಾಜ್ ಚೆನ್ನಾಗಿಯೇ ಕಾಣುತ್ತಾರೆ. ಆದರೆ ಒಟ್ಟಾರೆ ನಮ್ಮ ಸೀರಿಯಲ್ಲುಗಳಿಗೆ ಆಸ್ಪತ್ರೆ ಅಂದರೆ ಅತ್ತೆ ಮನೆಯ ಇನ್ನೊಂದು ಹಜಾರ, ಅಷ್ಟೇ.

ನಮ್ಮವರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಅಮೆರಿಕದ ‘ಇಆರ್’ ಧಾರಾವಾಹಿ 1994ರಲ್ಲಿ ಶುರುವಾಗಿ 2009ರವರೆಗೆ ಓಡಿತು. ಅದನ್ನು ಹುಟ್ಟುಹಾಕಿದ ಮೈಕೆಲ್ ಕ್ರೈಟನ್ ವೈದ್ಯಕೀಯ ಓದಿದವರೇ. ಆದರೂ 1996ರಲ್ಲಿ ಅಲ್ಲಿನ ವೈದ್ಯರು ಅದನ್ನೂ, ಅಂಥ ಬೇರೆ ಕಾರ್ಯಕ್ರಮಗಳನ್ನೂ ಕೂತು ಎಣಿಸಿದಾಗ, ಎದೆ ಒತ್ತಿ ಬದುಕಿಸಲು ನೋಡಿದ ಮೂರು ಜನರಲ್ಲಿ ಇಬ್ಬರು ತೆರೆಯ ಮೇಲೆ ಗುಣವಾಗಿ ಮನೆಗೆ ಹೋಗುತ್ತಿದ್ದರು. ನಿಜವಾದ ಆಸ್ಪತ್ರೆಯಲ್ಲಿ ಅಷ್ಟು ಜನ ಬದುಕುವುದಿಲ್ಲ. ಇನ್ನೊಂದು ಸುಳ್ಳು: ಮಾನಿಟರ್ ಗೆರೆ ನೇರವಾಗಿ ಮಲಗಿದ ಕೂಡಲೇ ಎದೆಗೆ ಕರೆಂಟು ಕೊಡುವುದು. ಗೆರೆ ಅಡ್ಡಾದಿಡ್ಡಿ ಕುಣಿಯುವಾಗ ಕರೆಂಟು ಕೆಲಸಕ್ಕೆ ಬರುತ್ತದೆ. ನೇರ ಗೆರೆಗೆ ಎದೆ ಒತ್ತುವುದು, ಔಷಧಿ ಕೊಡುವುದು ಅಷ್ಟೇ ದಾರಿ. ಇದನ್ನೆಲ್ಲ ನಂಬಿದ ಮನೆಯವರು, ರೋಗಿ ಉಳಿಯದಿದ್ದಾಗ ಡಾಕ್ಟರ ಕೊರಳಪಟ್ಟಿ ಹಿಡಿಯುತ್ತಾರೆ.

ಹಾಗಾದರೆ ನಿನಗೆ ಹಿಡಿಸಿದ್ದು ಯಾವುದಪ್ಪಾ ಅಂತ ಕೇಳುತ್ತೀರಿ. ‘ಶರಪಂಜರ’. 1971ರ ಸಿನಿಮಾ, ನಾನು ಹುಟ್ಟುವುದಕ್ಕೂ ಮುಂಚಿನದು. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ಕಾವೇರಿಯಾಗಿ ಕಲ್ಪನಾ. ಹೆರಿಗೆಯಾದ ಮೇಲೆ ಕಾವೇರಿಯ ಮನಸ್ಸು ಕದಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ನಮ್ಮ ಸೀರಿಯಲ್ ಆಗಿದ್ದರೆ ಅಲ್ಲಿಗೆ ಮಂಗಳ. ಪುಟ್ಟಣ್ಣನವರ ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ. ಅವಳು ಮನೆಗೆ ಬರುತ್ತಾಳೆ. ನಕ್ಕರೂ ಹುಚ್ಚಿ, ಸಿಟ್ಟು ಬಂದರೂ ಹುಚ್ಚಿ. ಗಂಡನೇ ಇನ್ನೊಬ್ಬಳ ಕಡೆ ವಾಲಿರುತ್ತಾನೆ. ಡಾಕ್ಟರು ವಾಸಿ ಮಾಡಿದ್ದನ್ನು ಮನೆಯವರು, ನೆರೆಯವರು ಸೇರಿ ಮತ್ತೆ ಕೆಡಿಸುತ್ತಾರೆ.

ಆ ಕಾಯಿಲೆಗೆ ನಮ್ಮ ಅಜ್ಜಿಯರ ಬಾಯಲ್ಲಿ ಒಂದು ಹೆಸರಿತ್ತು: ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುತ್ತದೆ, ಬೇಗ ತೋರಿಸಿದರೆ ಗುಣವಾಗುತ್ತದೆ. 2009ರಿಂದ ನಮ್ಮ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ಇಟ್ಟು ಚಿಕಿತ್ಸೆ ಕೊಡುವ ವಿಭಾಗವೇ ಇದೆ. ಮನಃಶಾಸ್ತ್ರ ಓದಿದ ತ್ರಿವೇಣಿ ಇದನ್ನೆಲ್ಲ ಅಡುಗೆಮನೆ ಕನ್ನಡದಲ್ಲಿ ಬರೆದರು. 1963ರಲ್ಲಿ, ಮಗು ಹುಟ್ಟಿದ ಕೆಲವೇ ದಿನಗಳಲ್ಲಿ, ತಾವೇ ತೀರಿಕೊಂಡರು. ನಲವತ್ತೂ ತುಂಬಿರಲಿಲ್ಲ. ಮನಸ್ಸಿನ ಕಾಯಿಲೆಯನ್ನು ಕನ್ನಡದಲ್ಲಿ ಹೇಳಲಾಗುವುದಿಲ್ಲ ಅನ್ನುವವರಿಗೆ ನಾನು ಇನ್ನೊಂದು ಹೆಸರು ಹೇಳುತ್ತೇನೆ. ‘ಕೊರವಂಜಿ’ ನಡೆಸಿದ ಡಾಕ್ಟರ್ ಶಿವರಾಂ. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಈಗ ನನ್ನ ತಪ್ಪಿಗೆ ಬರುತ್ತೇನೆ. 2019ರಲ್ಲಿ ಅಮ್ಮನಿಗೆ ಪಿತ್ತಕೋಶದ ಕಲ್ಲು. ಒಂದು ನರ್ಸಿಂಗ್ ಹೋಂಗೆ ಸೇರಿಸಿದೆ, ಹೆಸರು ಬೇಡ. ಆಪರೇಷನ್ ಹಿಂದಿನ ರಾತ್ರಿ ಸಿಸ್ಟರ್ ಒಪ್ಪಿಗೆ ಫಾರಂ ತಂದು ಅಮ್ಮನ ಕೈಗೆ ಪೆನ್ನು ಕೊಟ್ಟಳು. ಎರಡು ಪುಟ, ಪೂರ್ತಿ ಇಂಗ್ಲಿಷು. ಅಮ್ಮ ನನ್ನ ಮುಖ ನೋಡಿ, “ಏನಪ್ಪಾ ಬರ್ದಿದೆ ಇದ್ರಲ್ಲಿ?” ಅಂದಳು. ನಾನು ಓದಲು ಹೋದೆ. ಅರ್ಧ ತಿಳಿಯಲಿಲ್ಲ. “ಎಲ್ಲ ಮಾಮೂಲಿ, ಹಾಕಮ್ಮ” ಅಂದೆ. ಅಮ್ಮ ಕನ್ನಡದಲ್ಲಿ ರುಜು ಹಾಕಿದಳು. ಹಾಳೆ ವಾಪಸ್ ಕೊಡುವಾಗ ಕೆಳಗೆ ಸಣ್ಣಕ್ಷರದಲ್ಲಿ ಮುದ್ರಕರ ಹೆಸರು ಕಂಡಿತು. ನಮ್ಮದೇ ಪ್ರೆಸ್ಸು! ಎರಡು ಸಾವಿರ ಪ್ರತಿ ನಾನೇ ಅಚ್ಚು ಹಾಕಿಕೊಟ್ಟಿದ್ದೆ. ಒಂದು ಸಲವೂ ಓದಿರಲಿಲ್ಲ.

ಅಮ್ಮ ಗುಣವಾದಳು. ನನಗೆ ಮಾತ್ರ ಬಹಳ ದಿನ ನಿದ್ದೆ ಹತ್ತಲಿಲ್ಲ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ: ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿ ಇದೆಯೇ ಎಂದು ರೋಗಿಗೆ ತಿಳಿಸಿ ಪಡೆದದ್ದೇ ಒಪ್ಪಿಗೆ. ತಿಳಿಯದ ಭಾಷೆಯಲ್ಲಿ ಏನು ತಿಳಿಸಿದ ಹಾಗಾಯಿತು?

ಆಮೇಲೆ ಪರಿಚಯದ ಡಾಕ್ಟರೊಬ್ಬರನ್ನು ಹಿಡಿದು ಆ ಫಾರಂ ಕನ್ನಡಕ್ಕೆ ತಂದೆ. ಈಗ ಯಾರೇ ಫಾರಂ ಅಚ್ಚಿಗೆ ಕೊಟ್ಟರೂ ಹಿಂದಿನ ಮಗ್ಗುಲಿಗೆ ಕನ್ನಡ ಹಾಕಲಾ ಅಂತ ಕೇಳುತ್ತೇನೆ, ಕಂಪೋಸಿಂಗ್ ದುಡ್ಡು ಬೇಡ ಅನ್ನುತ್ತೇನೆ. ಕೆಲವರು ಒಪ್ಪುತ್ತಾರೆ. ಕೆಲವರು ಪ್ರೆಸ್ ಬದಲಾಯಿಸಿದ್ದಾರೆ. ಹೋಗಲಿ.

ನಮ್ಮ ಹೆಸರಘಟ್ಟ ರಸ್ತೆಯಲ್ಲಿ ನರ್ಸಿಂಗ್ ಓದಲು ಕೇರಳದಿಂದ, ಈಶಾನ್ಯದಿಂದ ಹುಡುಗಿಯರು ಬರುತ್ತಾರೆ. ಅವರ ಮೇಲೆ ರೇಗಬೇಡಿ. “ಎಲ್ಲಿ ನೋವು? ಎಷ್ಟು ದಿನದಿಂದ?” ಅನ್ನುವಷ್ಟು ಕನ್ನಡವನ್ನು ನೀವೇ ಹೇಳಿಕೊಡಿ. ನಿಮ್ಮಲ್ಲಿ ಸೀರಿಯಲ್ ಬರೆಯುವ ಆಸೆ ಇರುವವರಿದ್ದರೆ, ಕೆಂಪು ದೀಪ ಸಾಕು, ಬಿಲ್ ಕೌಂಟರ್ ಮುಂದೆ ನಿಂತ ಮಗನನ್ನು ಬರೆಯಿರಿ. ಮತ್ತೆ ನಿಮ್ಮ ತಾಯಿ ರುಜು ಹಾಕುವ ಮುಂಚೆ, ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಕೇಳಿ. ಹೇಳುವ ತನಕ ಪೆನ್ನು ಮುಟ್ಟಬೇಡಿ.