ಮನೆಯಿಂದ ಕೆಲಸ, ಮನೆಯಲ್ಲಿ ಮಕ್ಕಳು: ಸಾಸವಡದಿಂದ ನಾಲ್ಕು ಮಾತು

ನಾನು ಸಾಸವಡದಿಂದ ಮಾತಾಡ್ತಾ ಇದ್ದೀನಿ. ಪುಣೆಯವರಿಗೆ ಗೊತ್ತಿರುತ್ತೆ, ಬೆಂಗಳೂರು, ಹೈದರಾಬಾದಿನಲ್ಲಿ ಕೇಳ್ತಿರೋರಿಗೆ ಹೇಳ್ತೀನಿ. ಹಡಪಸರ ದಾಟಿ ದಿವೆ ಘಾಟ್ ಹತ್ತಿದ್ರೆ ಕರ್ಹಾ ನದಿ ದಂಡೆಯಲ್ಲಿ ಸಿಗೋ ಊರು, ಪುಣೆಯಿಂದ ಸುಮಾರು 30 ಕಿಲೋಮೀಟರ್. ಪುರಂದರ ತಾಲ್ಲೂಕು. ಅಂಜೂರ, ಸೀತಾಫಲಕ್ಕೆ ಹೆಸರು. ನೀರಿಗೆ ಮಾತ್ರ ಬರ. ಈ ನೀರಿನ ಮಾತು ಮುಂದೆ ಬರುತ್ತೆ, ಅದಕ್ಕೇ ಹೇಳಿದೆ.

ನಾವು ಇಲ್ಲಿಗೆ ಬಂದಿದ್ದು 2021ರಲ್ಲಿ. ನನ್ನ ಕಂಪನಿ ಪೂರ್ತಿ ಮನೆಯಿಂದಲೇ ಕೆಲಸ ಮಾಡಬಹುದು ಅಂದಿತ್ತು. ನಮ್ಮ ಮನೆಯವರ ಆಫೀಸು ಹಡಪಸರದಲ್ಲಿ. ಅಲ್ಲಿ ಎರಡು ರೂಮಿಗೆ ಕೊಡ್ತಿದ್ದ ಬಾಡಿಗೆಗೆ ಇಲ್ಲಿ ಮೂರು ರೂಮು, ಜೊತೆಗೆ ಹಿತ್ತಲು ಸಿಕ್ತು. ಮಗಳಿಗೆ ಈಗ ಆರು ವರ್ಷ, ಮಗನಿಗೆ ಮೂರು. ವಿಜಯಪುರದಿಂದ ನಮ್ಮತ್ತಿ ಫೋನ್ ಮಾಡಿದಾಗೆಲ್ಲ ಒಂದೇ ಮಾತು: "ನಿನಗೇನವ್ವಾ, ಮನ್ಯಾಗ ಕುಂತು ಪಗಾರ. ಮಕ್ಕಳೂ ಕಣ್ಣ ಮುಂದ ಇರ್ತಾವ." ನಾನೂ ಹಾಗೇ ಅಂದುಕೊಂಡಿದ್ದೆ. ಎಂ.ಟೆಕ್‌ನಲ್ಲಿ ನಾನು ಓದಿದ್ದೇ ಶೆಡ್ಯೂಲಿಂಗ್. ಒಂದು ಪ್ರೊಸೆಸರ್ ಎರಡು ಕೆಲಸ ಮಾಡ್ತಿರೋ ಹಾಗೆ ಕಾಣುತ್ತೆ, ಆದ್ರೆ ಯಾವ ಗಳಿಗೆಯಲ್ಲಿ ನೋಡಿದ್ರೂ ಮಾಡ್ತಿರೋದು ಒಂದೇ ಕೆಲಸ ಅನ್ನೋದು ಪರೀಕ್ಷೆಯಲ್ಲಿ ಬರೆಯೋವಾಗ ಚೆನ್ನಾಗಿ ಗೊತ್ತಿತ್ತು. ಮನೆಗೆ ಬಂದಾಗ ಮರೆತುಹೋಗಿತ್ತು.

ನಾನೊಂದು ನಿಯಮ ಮಾಡಿದ್ದೆ. ಕಾಲ್ ಇರೋವಾಗ ಕುರ್ಚಿಯ ಹಿಂದೆ ಕೆಂಪು ದುಪಟ್ಟಾ ಹಾಕ್ತಿದ್ದೆ. ದುಪಟ್ಟಾ ಇದ್ರೆ ಯಾರೂ ಮಾತಾಡಬಾರದು. ಮಗಳು ಎರಡೇ ವಾರದಲ್ಲಿ ಕಲಿತಳು. ಟೀಮಿನವರಿಗೆ ಹೇಳಿ ಹೆಮ್ಮೆ ಪಟ್ಟುಕೊಂಡಿದ್ದೂ ಉಂಟು.

ಹೋದ ವರ್ಷ ಒಂದು ಮಧ್ಯಾಹ್ನ, ಎರಡೂವರೆ ಇರಬಹುದು. ಹಿಂದಿನ ರಾತ್ರಿಯ ರಿಲೀಸ್ ಕೆಟ್ಟಿತ್ತು, ಏನಾಯ್ತು ಅಂತ ನಾನೇ ವಿವರಿಸಬೇಕಿತ್ತು. ಮಗ ಮಲಗಿದ್ದ, ಮಗಳು ಅವನ ಪಕ್ಕದಲ್ಲಿ ಚಿತ್ರ ಬರೀತಿದ್ದಳು. ಬಾಗಿಲು ಮುಂದಕ್ಕೆ ಮಾಡಿ, ಹೆಡ್‌ಫೋನ್ ಹಾಕಿಕೊಂಡು ಕೂತೆ. ಹತ್ತು ನಿಮಿಷ ಆದಮೇಲೆ ನೋಡಿದ್ರೆ ಮಗಳು ಬಾಗಿಲಲ್ಲಿ ನಿಂತಿದ್ದಾಳೆ. ನಾನು ತುಟಿ ಮೇಲೆ ಬೆರಳಿಟ್ಟೆ. ಅವಳೂ ತುಟಿ ಮೇಲೆ ಬೆರಳಿಟ್ಟಳು, ಅಲ್ಲೇ ನಿಂತಳು. ಎಷ್ಟು ಜಾಣೆ ಅಂದುಕೊಂಡು ಸ್ಲೈಡ್ ಮುಂದಕ್ಕೆ ಹಾಕಿದೆ.

ಕಾಲ್ ಮುಗಿದು ದುಪಟ್ಟಾ ತೆಗೆದ ಮೇಲೆ ಕೇಳಿದೆ: "ಏನವ್ವಾ, ಯಾಕ ನಿಂತಿ?" ಅವಳು ಪಿಸುಮಾತಿನಲ್ಲಿ ಹೇಳಿದಳು: "ತಮ್ಮಾ ಬಾತ್‌ರೂಮಿನ ಚಿಲಕ ಹಾಕ್ಕೊಂಡಾನ. ಅಳಾಕತ್ತಿದ್ದ. ಈಗ ಅಳವಲ್ಲ."

ನಮ್ಮ ಕಡೆ ನಲ್ಲಿ ನೀರು ದಿನಾ ಬರಲ್ಲ. ಬಂದ ದಿನ ಡ್ರಮ್ಮು, ಬಕೆಟ್ಟು, ಕೊಡ ಎಲ್ಲ ತುಂಬಿಸಿ ಇಡ್ತೀವಿ. ಅವತ್ತು ನೀರು ಬಂದ ದಿನ. ಬಾಗಿಲು ಬಡಿದೆ, ಕೂಗಿದೆ, ಒಳಗಿಂದ ಸದ್ದಿಲ್ಲ. ಪಕ್ಕದ ಮನೆ ಕಾಕು ಓಡಿ ಬಂದರು. ಅವರ ಮಗ ಪಿವಿಸಿ ಬಾಗಿಲಿನ ಒಂದು ಪಟ್ಟಿ ಕಿತ್ತು, ಕೈ ಹಾಕಿ ಚಿಲಕ ತೆಗೆದ. ನನ್ನ ಮಗ ಗೋಡೆಗೆ ಒರಗಿ, ಮೈಯೆಲ್ಲ ಒದ್ದೆ ಮಾಡಿಕೊಂಡು, ಅತ್ತೂ ಅತ್ತೂ ನಿದ್ದೆ ಹೋಗಿದ್ದ. ಪಕ್ಕದಲ್ಲೇ ತುಂಬಿದ ಬಕೆಟ್. ಅದರಲ್ಲಿ ಮಗ್ ತೇಲ್ತಿತ್ತು.

ಏನೂ ಆಗಲಿಲ್ಲ. ಆ ರಾತ್ರಿ ನಾನು ಮಗಳಿಗೆ "ಯಾಕ ಹೇಳಲಿಲ್ಲ" ಅಂತ ಎರಡನೇ ಸಲ ಕೇಳಿದೆ. ಕೇಳಬಾರದಿತ್ತು. "ದುಪಟ್ಟಾ ಇತ್ತಲಾ" ಅಂದಳು.

ಹೆಡ್‌ಫೋನ್ ಬಗ್ಗೆ ಒಂದು ಮಾತು, ನೀವೂ ಹಾಕ್ಕೊಳ್ತೀರಿ ಅಂತ. ಶಬ್ದ ಅಡಗಿಸುವ ಹೆಡ್‌ಫೋನ್ ಹೆಚ್ಚು ಅಳಿಸೋದು ಕೆಳ ಸ್ಥಾಯಿಯ ಶಬ್ದವನ್ನ, ಫ್ಯಾನು, ಗಾಡಿ ಅಂಥದ್ದನ್ನ. ಮಕ್ಕಳ ಚೀರಾಟ ಸ್ವಲ್ಪ ಒಳಗೆ ಬರುತ್ತೆ ಅನ್ನೋ ಧೈರ್ಯದಲ್ಲಿ ನಾನಿದ್ದೆ. ಆದ್ರೆ ಎರಡು ಗೋಡೆ ಆಚೆ, ಕಿವಿಗಳೆರಡೂ ಮುಚ್ಚಿ, ಒಳಗೆ ಇನ್ನೊಬ್ಬರು ಮಾತಾಡ್ತಿರೋವಾಗ ಏನೂ ಕೇಳಲ್ಲ. ಈಗ ನಾನು ಒಂದೇ ಕಿವಿಗೆ ಹಾಕೋದು.

ಮನೆಯಿಂದ ಕೆಲಸ ಮಾಡಿದ್ರೆ ಉತ್ಪಾದಕತೆ ಜಾಸ್ತಿ ಅಂತ ಎಲ್ಲರೂ ತೋರಿಸೋದು ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರ ಅಧ್ಯಯನವನ್ನ. ಚೀನಾದ ಸಿಟ್ರಿಪ್ ಅನ್ನೋ ಪ್ರವಾಸ ಕಂಪನಿಯ ಕಾಲ್ ಸೆಂಟರಿನಲ್ಲಿ ಮಾಡಿದ್ದು, 2015ರಲ್ಲಿ ಪ್ರಕಟವಾಯ್ತು. ಶೇಕಡಾ 13ರಷ್ಟು ಕೆಲಸ ಹೆಚ್ಚಾಯ್ತು, ನಿಜ. ನಾನೂ ಮ್ಯಾನೇಜರ್‌ಗೆ ಅದನ್ನ ಕಳಿಸಿದ್ದೆ. ಆಮೇಲೆ ಪೂರ್ತಿ ಓದಿದೆ. ಅದರಲ್ಲಿ ಸೇರೋಕೆ ಮನೆಯಲ್ಲಿ ಕೆಲಸಕ್ಕೆ ಅಂತ ಬೇರೆ ಜಾಗ ಇರಬೇಕಿತ್ತು, ವಾರಕ್ಕೊಂದು ದಿನ ಆಫೀಸಿಗೂ ಹೋಗಬೇಕಿತ್ತು. ಅಂದ್ರೆ ಆ ಲೆಕ್ಕ ತೊಡೆ ಮೇಲೆ ಕೂಸು ಇಟ್ಟುಕೊಂಡು ಕೋಡ್ ಬರೆಯೋರದ್ದಲ್ಲ.

2017ರ ಆ ಬಿಬಿಸಿ ವಿಡಿಯೋ ನೆನಪಿದೆಯಾ? ದಕ್ಷಿಣ ಕೊರಿಯಾದಿಂದ ರಾಬರ್ಟ್ ಕೆಲಿ ಅನ್ನೋ ಪ್ರೊಫೆಸರ್ ಸಂದರ್ಶನ ಕೊಡ್ತಿರೋವಾಗ ಮಗಳು ಕುಣೀತಾ ಬರ್ತಾಳೆ, ಹಿಂದೆ ವಾಕರ್‌ನಲ್ಲಿ ಚಿಕ್ಕದು. ಅವತ್ತು ಆಫೀಸಿನ ಕ್ಯಾಂಟೀನಿನಲ್ಲಿ ಎಲ್ಲರೂ ಸೇರಿ ನಕ್ಕಿದ್ವಿ. ಈಗ ನೋಡಿದ್ರೆ ನನ್ನ ಕಣ್ಣು ಹೋಗೋದು ಓಡಿ ಬಂದು, ಬಗ್ಗಿ ಮಕ್ಕಳನ್ನ ಎಳಕೊಂಡು ಹೋಗೋ ಆ ಹೆಂಡತಿ ಕಡೆಗೆ. ಅವರ ಮನೆಯಲ್ಲಿ ಇನ್ನೊಬ್ಬರಿದ್ದರು.

ನಮ್ಮ ದೇಶದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡದೇ ಇರೋ ಗಂಡಸರು ಆ 97ರಲ್ಲಿ ಇಲ್ಲವೇ ಇಲ್ಲ. ನಮ್ಮ ಮನೆಯವರನ್ನ ದೂರೋಕೆ ಹೇಳ್ತಿಲ್ಲ. ಅವರು ಘಾಟ್ ಹತ್ತಿಳಿದು ಮನೆಗೆ ಬರೋಷ್ಟರಲ್ಲಿ ಎಂಟು ಆಗುತ್ತೆ. ಆದ್ರೆ ಆಷಾಢ ಏಕಾದಶಿಗೆ ಹೊರಟ ಜ್ಞಾನೇಶ್ವರರ ಪಾಲಖಿ ದಿವೆ ಘಾಟ್ ಹತ್ತಿ ಸಾಸವಡದಲ್ಲಿ ತಂಗುತ್ತಲ್ಲ, ಆಗ ರಸ್ತೆ ಬಂದ್. ಆ ಘಟನೆ ಆದಮೇಲೆ ಬಂದ ಪಾಲಖಿಗೆ ಅವರೂ ಎರಡು ದಿನ ಮನೆಯಿಂದ ಕೆಲಸ ಮಾಡಿದರು. ಮೊದಲ ದಿನ ಸಂಜೆ ಲ್ಯಾಪ್‌ಟಾಪ್ ಮುಚ್ಚಿ, "ಇದನ್ನ ನೀ ದಿನಾ ಹೆಂಗ ಮಾಡ್ತೀ?" ಅಂದರು. "ಮಾಡಲ್ಲರೀ, ಮಾಡಿದಂಗ ತೋರಿಸ್ತೀನಿ" ಅಂದೆ. ಈಗ ಮಂಗಳವಾರ, ಗುರುವಾರ ಅವರು ಮನೆಯಲ್ಲೇ ಇರ್ತಾರೆ. ಆ ದಿನ ನಾನು ಮಕ್ಕಳ ರೂಮಿಗೆ ಹೋಗಲ್ಲ.

ಇನ್ನುಳಿದ ದಿನಕ್ಕೆ ಕಾಕು. ಹನ್ನೆರಡರಿಂದ ನಾಲ್ಕೂವರೆ, ತಿಂಗಳಿಗೆ ಎಂಟು ಸಾವಿರ. ಪಾತ್ರೆ, ಅಡಿಗೆ ಯಾವುದನ್ನೂ ಹೇಳಲ್ಲ, ಬರೀ ಮಕ್ಕಳು. "ಮನೆಯಲ್ಲೇ ಇದ್ದು ಮಕ್ಕಳಿಗೆ ಆಳು ಯಾಕೆ" ಅಂತ ಬಂಧುಗಳು ಕೇಳ್ತಾರೆ. ನಾನು ಬಾಗಿಲಿನ ಪಟ್ಟಿ ತೋರಿಸ್ತೀನಿ, ಬಣ್ಣ ಬೇರೆ ಬಂದಿದೆ. ಮಗ ಈಗ ಕಾಕು ಹತ್ತಿರ ಮರಾಠಿ, ನನ್ನ ಹತ್ತಿರ ಕನ್ನಡ. ಜೇಜುರಿ ಇಲ್ಲಿಂದ ಹತ್ತಿರ. ಕಾಕುಗೆ ಖಂಡೋಬಾ, ನಮಗೆ ಮೈಲಾರಲಿಂಗ. ಭಂಡಾರ ಮಾತ್ರ ಇಬ್ಬರ ಹಣೆಗೂ ಒಂದೇ.

ಕಾನೂನಿನದ್ದು ಚುಟುಕಾಗಿ ಹೇಳ್ತೀನಿ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ ಬಂತು, 50 ಅಥವಾ ಹೆಚ್ಚು ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಅಂತಾಯ್ತು. ಆಫೀಸಿನ ಹತ್ತಿರದ ಕೇಂದ್ರ ಘಾಟ್ ಮೇಲಿರೋ ನನಗೇನು ಉಪಯೋಗ? ಅದರ ಬದಲು ಕಾಕು ಪಗಾರದಲ್ಲಿ ಪಾಲು ಕೊಡಿ ಅಂತ ಎಚ್‌ಆರ್‌ಗೆ ಬರೆದೆ. ಎರಡು ಸಲ "ಪರಿಶೀಲಿಸ್ತೀವಿ" ಅಂದಿದ್ದಾರೆ. ಮೂರನೇ ಸಲ ಒಬ್ಬಳೇ ಅಲ್ಲ, ಹನ್ನೊಂದು ಜನ ಸೇರಿ ಬರೆದಿದ್ದೀವಿ. ಅದರಲ್ಲಿ ನಾಲ್ವರು ಅಪ್ಪಂದಿರು.

ಮಗಳು ಇನ್ನೂ ನಾನು ಲ್ಯಾಪ್‌ಟಾಪ್ ಮುಂದೆ ಕೂತ್ರೆ ಪಿಸುಗುಟ್ಟೇ ಮಾತಾಡ್ತಾಳೆ. ಜೋರಾಗಿ ಹೇಳು ಅಂತೀನಿ. ಮೊನ್ನೆ ಒಂದು ಡೆಮೊ ನಡೀತಿರೋವಾಗ ಬಂದು "ಅವ್ವಾ, ಹಸಿವಾಗ್ಯಾವ" ಅಂತ ಕೂಗಿದಳು. ಆಚೆ ಕಡೆ ಕ್ಲೈಂಟ್ ನಕ್ಕರು. ನಾನು ಮ್ಯೂಟ್ ಮಾಡಲಿಲ್ಲ.

ಪ್ರಶ್ನೆ ಇದ್ರೆ ಕೇಳಿ. ಈಗ ನಾಲ್ಕು ಗಂಟೆ, ನಾಲ್ಕೂವರೆಗೆ ಕಾಕು ಹೋಗ್ತಾರೆ. ಅಷ್ಟರೊಳಗೆ ಮುಗಿಸೋಣ.